ಪೇರಲ ಮಳೆಗಾಲದಲ್ಲಿ ಸಪ್ಪೆ ಯಾಕೆ?

ಜಮಖಂಡಿ ಹತ್ತಿರದ ನಿಮ್ಮ ಲಕ್ನೋ-49 ತಳಿಯ ಪೇರಲ ಗಿಡಗಳು ಆಗಸ್ಟ್‌ನಲ್ಲಿ ಟೊಂಗೆ ಬಾಗುವಷ್ಟು ಕಾಯಿ ಬಿಡುತ್ತವೆ, ಆದರೆ ಹಣ್ಣು ಸಪ್ಪೆ, ಒಳಗೆ ಹುಳ. ತಳಿ ಬದಲಿಸಲೇ ಅಂತ ಕೇಳಿದ್ದೀರಿ. ಬೇಡ ಸರ್. ತಪ್ಪು ತಳಿಯದ್ದಲ್ಲ, ಹಂಗಾಮಿನದು.

ದಾಳಿಂಬೆಯ ಬಹಾರ, ಅಂದರೆ ಬೇಕಾದ ಹಂಗಾಮಿಗೆ ಹೂ ಬಿಡಿಸುವುದು, ನಮ್ಮ ಕಡೆ ಎಲ್ಲರಿಗೂ ಗೊತ್ತಲ್ವಾ? ಪೇರಲವೂ ಹಾಗೇ. ಫೆಬ್ರುವರಿ-ಮಾರ್ಚ್‌ನ ಹೂವು ಮಳೆಗಾಲಕ್ಕೆ ಹಣ್ಣಾಗುತ್ತದೆ. ಕಾಯಿ ಜಾಸ್ತಿ, ಆದರೆ ನೀರು ನೀರು, ಮೇಲೆ ಹಣ್ಣಿನ ನೊಣದ ಕಾಟ. ಜೂನ್-ಜುಲೈನ ಹೂವು ಚಳಿಗಾಲಕ್ಕೆ ಬರುತ್ತದೆ. ಕಾಯಿ ಕಡಿಮೆ, ಆದರೆ ಸಿಹಿ ಜಾಸ್ತಿ, ಹುಳ ಕಡಿಮೆ, ದರವೂ ಸಿಗುತ್ತದೆ.

ಹಾಗಾಗಿ ಮಾರ್ಚ್‌ನ ಹೂವು ಉದುರಿಸಿಬಿಡಿ. ಬೇಸಿಗೆಯಲ್ಲಿ ನೀರು ಕೊಡುವುದನ್ನು ನಿಲ್ಲಿಸಿ, ಮೇ ತಿಂಗಳಲ್ಲಿ ಟೊಂಗೆಯ ತುದಿ ಕತ್ತರಿಸಿ, ಗೊಬ್ಬರ ಹಾಕಿ ನೀರು ಬಿಡಿ. ಪೇರಲ ಹೂ ಬಿಡುವುದು ಹೊಸ ಚಿಗುರಿನಲ್ಲೇ. ಕಪ್ಪು ಮಣ್ಣು ತೇವ ಹಿಡಿಯುತ್ತದೆ, ಅಲ್ಲಿ ನೀರು ಕೊಡುವುದನ್ನು ಬೇಗ ನಿಲ್ಲಿಸಬೇಕು. ಮಡ್ಡಿ ನೆಲದಲ್ಲಿ, ಅಂದರೆ ಕಲ್ಲು ತುಂಬಿದ ತೆಳು ಮಣ್ಣಿನಲ್ಲಿ, ಮಾತ್ರ ಹುಷಾರು, ಎಳೆ ಗಿಡ ಒಣಗಿಯೇ ಹೋದೀತು.

ಅಲಹಾಬಾದ್ ಸಫೇದಾ ತಳಿಗೂ ಇದೇ ಲೆಕ್ಕ. ಚಳಿ ಬಿದ್ದರೆ ಅದರ ಸಿಪ್ಪೆಯ ಮೇಲೆ ಕೆಂಪು ಚುಕ್ಕೆ ಬರುವುದೂ ಉಂಟು. ತೈವಾನ್ ಪಿಂಕ್ ತಳಿ ವರ್ಷವಿಡೀ ಹೂ ಬಿಡುತ್ತದೆ ಅಂತ ಸುಮ್ನೆ ಆಸೆಪಡಬೇಡಿ, ಮಳೆಗಾಲದಲ್ಲಿ ಅದೂ ಸಪ್ಪೆಯೇ.