ಬೈಪಾಸ್ ಆದಮೇಲೆ ಅಪ್ಪನಿಗೆ ಗಲಿಬಿಲಿ ಆಗದಿರಲು

ಪ್ರಶ್ನೆ: ಅಪ್ಪಯ್ಯನಿಗೆ 72 ವರ್ಷ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಹೃದಯದ ಬೈಪಾಸ್ ಆಪರೇಷನ್. ನಮ್ಮೂರಿನ ಒಬ್ಬರು ಇದೇ ಆಪರೇಷನ್ ಆದಮೇಲೆ ಮನೆಯವರ ಗುರುತು ಹಿಡಿಯದೆ, ಕೈಗೆ ಹಾಕಿದ್ದ ಪೈಪು ಕೀಳಲು ಹೋಗಿದ್ದರಂತೆ. ಅಪ್ಪಯ್ಯನಿಗೆ ಕಿವಿ ಮಂದ, ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಬೇಕೇ ಬೇಕು. ನಾವೇನು ಮಾಡಬಹುದು?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅದು ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬರುವ ಬುದ್ಧಿಯ ಗಲಿಬಿಲಿ. ಹುಚ್ಚೂ ಅಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಹೆಚ್ಚಾಗಿ ಆಪರೇಷನ್ ಆದ ಮೊದಲ ಕೆಲವು ದಿನಗಳಲ್ಲಿ, ವಯಸ್ಸಾದವರಲ್ಲಿ ಬರುತ್ತದೆ. ಬೆಳಿಗ್ಗೆ ಸರಿಯಾಗಿದ್ದವರು ಕತ್ತಲಾಗುತ್ತಲೇ ಏನೇನೋ ಮಾತಾಡುತ್ತಾರೆ. ಪೂರ್ತಿ ತಪ್ಪಿಸುತ್ತೇವೆಂದು ಯಾರೂ ಹೇಳಲಾರರು, ಆದರೆ ಮನೆಯವರ ಕೈಯಲ್ಲೂ ಸಾಕಷ್ಟಿದೆ.

ಮೊದಲು, ಅರಿವಳಿಕೆ ಡಾಕ್ಟರಿಗೆ ಏನನ್ನೂ ಮುಚ್ಚಿಡಬೇಡಿ. ಹೊಗೆಸೊಪ್ಪು ದಿನಕ್ಕೆ ಎಷ್ಟು ಸಲ, ನಿದ್ದೆ ಮಾತ್ರೆ ಉಂಟೋ, ನೆಗಡಿ-ಅಲರ್ಜಿಗೆ ತೆಗೆದುಕೊಳ್ಳುವ ಮಂಪರು ತರುವ ಮಾತ್ರೆ ಯಾವುದು, ಎಲ್ಲ ಬರೆದುಕೊಡಿ. ಮರ್ಯಾದೆಗೆ ಅಂಜಿ ಬಚ್ಚಿಡುವುದು ಕುಡಿತವನ್ನು. ದಿನಾ ಕುಡಿಯುವವರಿಗೆ ಅದು ಥಟ್ಟನೆ ನಿಂತರೆ ಎರಡು-ಮೂರು ದಿನದಲ್ಲಿ ಕೈ ನಡುಕ, ಭ್ರಮೆ ಶುರುವಾಗಬಹುದು. ನೋಡಲು ಹೀಗೇ ಇದ್ದರೂ ಅದರ ಔಷಧಿ ಬೇರೆ.

ಕನ್ನಡಕ, ಕಿವಿಯ ಮಿಷನ್, ಅದರ ಹೊಸ ಬ್ಯಾಟರಿ ಹೆಸರು ಬರೆದ ಡಬ್ಬಿಯಲ್ಲಿರಲಿ. ಉಸಿರಿನ ಟ್ಯೂಬ್ ತೆಗೆದು ಎಚ್ಚರವಾದ ಕೂಡಲೇ ಹಾಕಿಸಲು ನರ್ಸಿಗೆ ಹೇಳಿ. ಕಿವಿ ಕೇಳದವರಿಗೆ ಐಸಿಯುನಲ್ಲಿ ಮುಖ ಮುಚ್ಚಿದವರ ಓಡಾಟವಷ್ಟೇ ಕಾಣುತ್ತದೆ, ಗಾಬರಿಯಾಗದೆ ಇರುತ್ತದೆಯೇ?

ಭೇಟಿಗೆ ಬಿಟ್ಟಾಗ "ನಾನ್ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. "ಅಪ್ಪಯ್ಯಾ, ಇವತ್ತು ಗುರುವಾರ, ಬೆಳಿಗ್ಗೆ ಹತ್ತು ಗಂಟೆ, ಆಪರೇಷನ್ ಮುಗೀತು, ಶಿವಮೊಗ್ಗದಲ್ಲಿದ್ದೀರಿ" ಎನ್ನಿ. ಆಮೇಲೆ ಅಡಿಕೆ ಕೊನೆ ಕೊಯ್ಲು, ಕೊಟ್ಟಿಗೆ ಸುದ್ದಿ ಎಷ್ಟಾದರೂ ಹೇಳಿ. ತಪ್ಪು ಮಾತಾಡಿದರೆ ವಾದಕ್ಕಿಳಿಯಬೇಡಿ.

ವಾರ್ಡಿಗೆ ಬಂದಮೇಲೆ ಹಗಲು ಕಿಟಕಿ ಪರದೆ ಸರಿಸಿ, ಡಾಕ್ಟರು ಒಪ್ಪಿದಷ್ಟು ಕುರ್ಚಿಯಲ್ಲಿ ಕೂರಿಸಿ, ನಡೆಸಿ. ಎಬ್ಬಿಸುವಾಗ ತೋಳು ಹಿಡಿದು ಎಳೆಯಬಾರದು. ಎದೆಮೂಳೆ ಕೊಯ್ದು ತಂತಿಯಲ್ಲಿ ಬಿಗಿದಿರುತ್ತಾರೆ. ಬೆನ್ನ ಹಿಂದೆ ಕೈ ಕೊಡಿ. ರಾತ್ರಿ ದೀಪ ಮಂದವಿರಲಿ, ಮೊಬೈಲ್ ಬೇಡ. ನಮ್ಮ ಹಿರಿಯರು ನೋವು ನುಂಗುವವರು. ನೋವಿದ್ದರೆ ನಿದ್ದೆಯೂ ಇಲ್ಲ, ಆಳ ಉಸಿರೂ ಇಲ್ಲ, ಹಾಗಾಗಿ ನೀವೇ ಕೇಳಿ ತಿಳಿಸಿ. ಮಲ-ಮೂತ್ರ ಕಟ್ಟಿದ್ದರೂ ಗಲಿಬಿಲಿಯಾಗುತ್ತದೆ. ನೀರಿಗೆ ಮಿತಿ ಹೇಳಿದ್ದರೆ ಗಂಜಿ, ಕಷಾಯವೂ ಅದೇ ಲೆಕ್ಕಕ್ಕೆ ಸೇರುತ್ತದೆ.

ಕೂಗಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಸುಮ್ಮನೆ ತೂಕಡಿಸುತ್ತ, ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತವರನ್ನು "ಪಾಪ, ಸುಸ್ತು" ಎಂದು ಬಿಟ್ಟುಬಿಡುತ್ತೇವೆ. ಅದೂ ಡೆಲಿರಿಯಂ ಇರಬಹುದು. ಇಂಥ ಅನುಮಾನ ಬಂದಾಗ ಮಾತ್ರ ವಾರದ ದಿನಗಳ ಹೆಸರನ್ನು ಹಿಂದಿನಿಂದ ಹೇಳಿಸಿ. ಮೊದಲು ಹೇಳಬಲ್ಲವರು ಈಗ ತಡವರಿಸಿದರೆ ನರ್ಸಿಗೆ ತಿಳಿಸಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಕೂಗಿ.

ಮನೆಗೆ ಬಂದಮೇಲೆ ಹೊಸದಾಗಿ ಗಲಿಬಿಲಿಯಾದರೆ ಸೋಂಕೋ, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದದ್ದೋ ಇರಬಹುದು. ನಿದ್ದೆ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಮಳೆಗಾಲದ ರಾತ್ರಿಯಾದರೂ 108ಕ್ಕೆ ಕರೆ ಮಾಡಿ.