ನಂದಿ ಏರಿಗೆ ಯಾವ ಗೇರು? ರೇಸ್ ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತೂಕ 78 ಕೆ.ಜಿ. ಸೈಕಲ್ಲಿಗೆ ಶಿಮಾನೊ 105 (ಆರ್7000) ಗೇರು ಇದೆ. ಮುಂದೆ 50/34 ಹಲ್ಲು, ಹಿಂದೆ 11–28 ಹಲ್ಲು. ನಂದಿಬೆಟ್ಟದ ಏರಿನ ಕೊನೆಯಲ್ಲಿ ಪೆಡಲ್ ತಿರುಗುವುದೇ ಕಷ್ಟ, ಮಂಡಿಯ ಮುಂಭಾಗ ನೋಯುತ್ತದೆ. ಹಗುರವಾದ ಕಾರ್ಬನ್ ವೀಲು ಹಾಕಿಸಿದರೆ ಸರಿಹೋದೀತೆ?
– ಓದುಗರು, ಯಲಹಂಕ

ಉತ್ತರ: ವೀಲಿಗೆ ದುಡ್ಡು ಹಾಕಬೇಡಿ. ನೀವೂ ಸೈಕಲ್ಲೂ ಸೇರಿ ಸುಮಾರು 87 ಕೆ.ಜಿ. ಅದರಲ್ಲಿ ಅರ್ಧ ಕೆ.ಜಿ. ಇಳಿಸಿದರೆ 35 ನಿಮಿಷದ ಏರಿನಲ್ಲಿ ಉಳಿಯುವುದು ಹತ್ತು ಹನ್ನೆರಡು ಸೆಕೆಂಡು. ಮಂಡಿಗಂತೂ ಅದರಿಂದ ಏನೂ ಆಗದು.

ತೊಡಕಿರುವುದು ಹಲ್ಲಿನ ಲೆಕ್ಕದಲ್ಲಿ. ಮುಂದೆ 34, ಹಿಂದೆ 28 ಇದ್ದಾಗ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.55 ಮೀಟರ್ ಓಡುತ್ತದೆ. ಕಡಿದಾದ ಕಡೆ ವೇಗ ಗಂಟೆಗೆ 9 ಕಿ.ಮೀ.ಗೆ ಇಳಿದರೆ ನಿಮಿಷಕ್ಕೆ 59 ಸುತ್ತು ಮಾತ್ರ ತುಳಿದಂತಾಯಿತು. ಒಂದೊಂದು ತುಳಿತಕ್ಕೂ ಮಂಡಿ ಮೇಲೆ ಭಾರ ಬೀಳುವುದು ಇದರಿಂದಲೇ. ಹಿಂದೆ 34 ಹಲ್ಲಿದ್ದರೆ ಅದೇ ವೇಗಕ್ಕೆ 71 ಸುತ್ತು ಬರುತ್ತದೆ.

ಆದರೆ ಅಂಗಡಿಗೆ ಹೋಗುವ ಮೊದಲು ಹಿಂದಿನ ಡಿರೇಲರ್ (ಗೇರು ಬದಲಿಸುವಾಗ ಚೈನನ್ನು ಸರಿಸುವ ಭಾಗ) ಮೇಲಿನ ಅಚ್ಚು ನೋಡಿ. ಎಸ್‌ಎಸ್ ಎಂದಿದ್ದರೆ ಅದು ಗಿಡ್ಡ ತೋಳಿನದು, 30 ಹಲ್ಲಿನವರೆಗೆ ಮಾತ್ರ. 11–30 ಹಾಕಿಸಿ ಸುಮ್ಮನಾಗಿ, ಇಲ್ಲವೇ ಡಿರೇಲರನ್ನೂ ಬದಲಿಸಿ. ಜಿಎಸ್ ಎಂದಿದ್ದರೆ 11–34 ಧಾರಾಳವಾಗಿ ಕೂರುತ್ತದೆ. ಇಲ್ಲಿ ಮೂರು ಕಡೆ ಮೆಕ್ಯಾನಿಕ್‌ಗಳು ಎಡವುತ್ತಾರೆ. ಎಚ್‌ಜಿ800 ಎಂಬ 11–34 ಕ್ಯಾಸೆಟ್ಟಿಗೆ (ಹಿಂದಿನ ಹಲ್ಲುಚಕ್ರಗಳ ಗೊಂಚಲು) 11 ಸ್ಪೀಡಿನ ರೋಡ್ ಹಬ್‌ನಲ್ಲಿ (ವೀಲಿನ ನಡುಭಾಗ) 1.85 ಮಿ.ಮೀ. ಸ್ಪೇಸರ್ ಎಂಬ ತೆಳು ಬಳೆ ಬೇಕೇ ಬೇಕು. ಮರೆತರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲುಗಾಡುತ್ತದೆ. ಎರಡನೆಯದು, ಹಳೇ ಚೈನು ಗಿಡ್ಡವಾಗುತ್ತದೆ. ಅಪ್ಪಿತಪ್ಪಿ ಮುಂದೆ 50, ಹಿಂದೆ 34ಕ್ಕೆ ಹಾಕಿದಿರೋ, ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕಿತ್ತು ಬಂದೀತು. ಹೊಸ ಚೈನನ್ನು ಡಿರೇಲರ್ ಒಳಗೆ ತೂರಿಸದೆ ಮುಂದಿನ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಗಳಿಗೆ ಸುತ್ತಿ, ತುದಿ ಕೂಡುವ ಜಾಗಕ್ಕೆ ಇನ್ನೊಂದು ಇಂಚು ಸೇರಿಸಿ ಕತ್ತರಿಸಬೇಕು. ಕೊನೆಗೆ ಡಿರೇಲರಿನ ಬಿ-ಸ್ಕ್ರೂ ತಿರುಗಿಸಿ: ಡಿರೇಲರಿನ ಮೇಲಿನ ಪುಟ್ಟ ಗಾಲಿಗೂ 34ರ ಹಲ್ಲಿಗೂ ನಡುವೆ ಸುಮಾರು 6 ಮಿ.ಮೀ. ಸಂದು ಇರಲಿ.

ಮಂಡಿಯ ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದೂ ಕಾರಣವಿರಬಹುದು. ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಪುಸ್ತಕವೊಂದನ್ನು ಒತ್ತಿಹಿಡಿದು, ಬರಿಗಾಲಿನಲ್ಲಿ ನೆಲದಿಂದ ಎಷ್ಟೆತ್ತರ ಎಂದು ಅಳೆಯಿರಿ, ಅದನ್ನು 0.883ರಿಂದ ಗುಣಿಸಿ. ಅಳತೆ 80 ಸೆಂ.ಮೀ. ಬಂದರೆ, ಪೆಡಲಿನ ತೋಳುಗಳು (ಕ್ರ್ಯಾಂಕ್) ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ 70.6 ಸೆಂ.ಮೀ. ಒಂದೇ ಸಲ ಏರಿಸದೆ 3–4 ಮಿ.ಮೀ.ನಂತೆ ಏರಿಸುತ್ತ ಹೋಗಿ. ಸೊಂಟ ಅತ್ತಿತ್ತ ತೊನೆಯತೊಡಗಿದರೆ ಹೆಚ್ಚಾಯಿತು ಎಂದರ್ಥ.

ಪ್ರಶ್ನೆ: ವಾರಕ್ಕೆ ಎರಡು ಪಂಕ್ಚರ್! ಟಯರು 25 ಮಿ.ಮೀ., ಗಾಳಿ 110 ಪಿಎಸ್‌ಐ ಹೊಡೆಯುತ್ತೇನೆ. ಟ್ಯೂಬು ಬದಲಿಸಿದ ಮರುದಿನವೇ ಮತ್ತೆ ಇಳಿಯುತ್ತದೆ.
– ಓದುಗರು, ವಿಜಯಪುರ

ಉತ್ತರ: ಮರುದಿನ ಇಳಿಯುತ್ತದೆ ಎಂದರೆ ಮುಳ್ಳು ಟಯರಿನಲ್ಲೇ ಉಳಿದಿದೆ. ನಿಮ್ಮ ಕಡೆ ರಸ್ತೆ ಬದಿಗೆಲ್ಲ ಬಳ್ಳಾರಿ ಜಾಲಿ. ಅದರ ಮುಳ್ಳಿನ ತುದಿ ಮುರಿದು ರಬ್ಬರಿನೊಳಗೆ ಕೂತರೆ ಕಣ್ಣಿಗೂ ಬೀಳದು, ಬೆರಳಿಗೂ ಸಿಗದು. ಟಯರು ಹಾಕುವಾಗಲೇ ಅದರ ಹೆಸರಿನ ಅಚ್ಚನ್ನು ವಾಲ್ವ್ ಎದುರಿಗೆ ಬರುವಂತೆ ಕೂರಿಸಿ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಒಂದು ಗೇಣು ದೂರ ಇದ್ದರೆ, ಟಯರಿನಲ್ಲೂ ಅಚ್ಚಿನಿಂದ ಅಷ್ಟೇ ದೂರದಲ್ಲಿ ಹುಡುಕಿದರಾಯಿತು. ಒಳಗೆ ಹತ್ತಿಯ ಉಂಡೆ ಆಡಿಸಿ, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ. ಚಿಮಟದಿಂದ ಕೀಳಿ.

ತೂತಿನ ರೂಪವೂ ಕಾರಣ ಹೇಳುತ್ತದೆ. ಹೊರಮೈಯಲ್ಲಿ ಒಂದೇ ಚುಕ್ಕೆ ಇದ್ದರೆ ಮುಳ್ಳು ಅಥವಾ ಲಾರಿ ಟಯರಿನ ತಂತಿಚೂರು. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಿದ್ದು ಗುಂಡಿಗೆ ಬಿದ್ದದ್ದು. ರಿಮ್ಮಿನ ಕಡೆಗಿದ್ದರೆ ರಿಮ್ ಟೇಪ್ ಸರಿದಿದೆ. ಇನ್ನು 110 ತೀರಾ ಜಾಸ್ತಿ: ಮುಳ್ಳು ತಪ್ಪುವುದಿಲ್ಲ, ಸವಾರಿ ಮಾತ್ರ ಕುಟ್ಟುತ್ತದೆ. 70 ಕೆ.ಜಿ. ಆಸುಪಾಸಿನವರಿಗೆ ಮುಂದೆ 80, ಹಿಂದೆ 85 ಸಾಕು. ಫ್ರೇಮಿನಲ್ಲಿ ಜಾಗವಿದ್ದರೆ 28 ಮಿ.ಮೀ. ಟಯರಿಗೆ ಹೋಗಿ, ಗಾಳಿ ಇನ್ನೂ ಹತ್ತು ಇಳಿಸಬಹುದು.

ಪ್ರಶ್ನೆ: ಚೈನು ಎಷ್ಟು ಕಿ.ಮೀ.ಗೆ ಬದಲಿಸಬೇಕು? ಕೊಬ್ಬರಿ ಎಣ್ಣೆ ಹಾಕಬಹುದೆ?
– ಓದುಗರು, ಶಿರಸಿ

ಉತ್ತರ: ಕಿ.ಮೀ. ಲೆಕ್ಕ ನೆಚ್ಚಬೇಡಿ, ನಿಮ್ಮೂರಿನ ಒಂದು ಮಳೆಗಾಲ ಬಯಲುಸೀಮೆಯ ವರ್ಷಕ್ಕೆ ಸಮ. ಸ್ಕೇಲು ಹಿಡಿದು ಒಂದು ಪಿನ್ನಿನ ನಡುವಿನಿಂದ 12 ಇಂಚು ಅಳೆಯಿರಿ. ಹೊಸ ಚೈನಿನಲ್ಲಿ 12ಕ್ಕೆ ಸರಿಯಾಗಿ ಮತ್ತೊಂದು ಪಿನ್ನಿನ ನಡುಭಾಗ ಬರುತ್ತದೆ. ಅದು ಒಂದಿಂಚಿನ ಹದಿನಾರನೇ ಒಂದು ಪಾಲು (1.6 ಮಿ.ಮೀ.) ದಾಟಿದ್ದರೆ 11, 12 ಸ್ಪೀಡಿನ ಚೈನು ತೆಗೆಯಿರಿ. ತಡ ಮಾಡಿದರೆ ಕ್ಯಾಸೆಟ್ಟೂ ಸವೆದು, ಹೊಸ ಚೈನು ಜಿಗಿಯುತ್ತದೆ. ಕೊಬ್ಬರಿ ಎಣ್ಣೆ ತಲೆಗೇ ಇರಲಿ, ಚೈನಿನಲ್ಲಿ ಅದು ಅಂಟಾಗಿ ಧೂಳು ಹಿಡಿಯುತ್ತದೆ. ಮಳೆಗಾಲಕ್ಕೆ ವೆಟ್ ಲ್ಯೂಬ್ (ನೀರಿಗೆ ಬೇಗ ತೊಳೆದುಹೋಗದ ಚೈನಿನ ಎಣ್ಣೆ), ರೋಲರಿಗೆ ಒಂದೊಂದು ತೊಟ್ಟು. ಹತ್ತು ನಿಮಿಷ ಬಿಟ್ಟು ಹೊರಮೈ ಒರೆಸಿ.

ಪ್ರಶ್ನೆ: ನೂರು ಕಿ.ಮೀ. ರೇಸಿನಲ್ಲಿ ಎಪ್ಪತ್ತು ದಾಟುತ್ತಲೇ ಕಾಲು ಸೋಲುತ್ತದೆ. ತಾಲೀಮು ಸಾಲದೆ?
– ಓದುಗರು, ಮೈಸೂರು

ಉತ್ತರ: ತಾಲೀಮಿಗಿಂತ ಮೊದಲು ಜೇಬು ನೋಡಿಕೊಳ್ಳಿ. ಹೊಟ್ಟೆ ಚುರುಗುಟ್ಟುವವರೆಗೆ ಕಾದರೆ ತಡವಾಯಿತು. ಇಪ್ಪತ್ತನೇ ನಿಮಿಷಕ್ಕೇ ತಿನ್ನಲು ಶುರುಮಾಡಿ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿಯಿರಲಿ. ಅರ್ಧ ಲೀಟರ್ ಬಾಟಲಿಗೆ 40 ಗ್ರಾಂ ಸಕ್ಕರೆ (ಸಮತಟ್ಟಾದ ಹತ್ತು ಟೀ ಚಮಚ), ಕಾಲು ಚಮಚ ಉಪ್ಪು, ಒಂದಿಷ್ಟು ನಿಂಬೆರಸ; ಜತೆಗೆ ಒಂದು ಪಚ್ಚಬಾಳೆ. ಲೆಕ್ಕ ಸರಿಹೋಯಿತು. ರೇಸಿನ ದಿನವೇ ಹೊಸದು ತಿನ್ನಬೇಡಿ, ಹೊಟ್ಟೆಗೂ ಅಭ್ಯಾಸ ಬೇಕು.

ಗುಂಪಿನಲ್ಲಿ ಎಲ್ಲಿರುತ್ತೀರಿ ಎಂಬುದೂ ಮುಖ್ಯ. ಎದುರುಗಾಳಿಗೆ ಮುಂದಿನವರ ಚಕ್ರಕ್ಕೆ ನೇರ ಹಿಂದೆ. ಬಲಗಡೆಯಿಂದ ಗಾಳಿ ಬೀಸಿದರೆ ಅವರ ಎಡಹಿಂದೆ ಸರಿಯಬೇಕು. ಗುಂಪು ಬಿಟ್ಟು ಒಬ್ಬರೇ ಗಾಳಿ ತಳ್ಳುತ್ತಿದ್ದರೆ ಎಷ್ಟು ತಿಂದರೂ ಸಾಲದು.

ಪ್ರಶ್ನೆ: ಗುಂಪು ರೇಸಿಗೆ ಏರೋ ಬಾರ್ (ಮೊಣಕೈ ಊರಿ ಬಾಗಿ ಸವಾರಿ ಮಾಡಲು ಮುಂದಕ್ಕೆ ಚಾಚಿದ ಹಿಡಿ) ಹಾಕಬಹುದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ, ಅದು ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಟೈಮ್ ಟ್ರಯಲ್‌ಗೆ ಮಾತ್ರ. ಬಿಚ್ಚಿದ ಮೇಲೆ ಹ್ಯಾಂಡಲಿನ ಎರಡೂ ತುದಿಗೆ ಬಿರಡೆ ಇದೆಯೇ ನೋಡಿ. ಬಿದ್ದಾಗ ತೆರೆದ ಕೊಳವೆ ತೊಡೆಗೆ ಹೊಕ್ಕುವುದುಂಟು, ಹಾಗಾಗಿ ಬಿರಡೆ ಇಲ್ಲದಿದ್ದರೆ ರೇಸಿನ ತಪಾಸಣೆಯಲ್ಲೇ ನಿಮ್ಮನ್ನು ತಡೆಯಬಹುದು.