ಸಂಪಾದಕರ ಉತ್ತರ: ಕೋವಿಯ ತೋಟಾ ಮನೆಯಲ್ಲೇ ತುಂಬಿಕೊಳ್ಳಬಹುದಾ?

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ಕಾಲದ ಮರದ ಪೆಟ್ಟಿಗೆ ಸಿಕ್ಕಿದೆ. ಅದರಲ್ಲಿ ಮೇಜಿನ ಅಂಚಿಗೆ ಬಿಗಿಯುವ ಹಿತ್ತಾಳೆಯ ಸಣ್ಣ ಯಂತ್ರ, ಕೋವಿಮದ್ದು ಅಳೆಯುವ ಹಿಡಿ ಇರುವ ಅಳತೆ, ತೋಟಾದ ಹೊರಚಿಪ್ಪುಗಳು, ಅಂದರೆ ಖಾಲಿ ಕೇಸುಗಳು ಇವೆ. ಇನ್ನೂ ಹೊಡೆಯದ ಒಂದಷ್ಟು ಹಳೇ ತೋಟಾಗಳೂ ಇವೆ. ಬರೆದವರ ಹತ್ತಿರ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ 12 ಬೋರಿನ ಜೋಡುನಳಿಗೆ ಕೋವಿ ಇದೆ, ಅದೂ ಅಜ್ಜನದೇ. ಅಂಗಡಿಯಲ್ಲಿ ತೋಟಾ ಸಿಗೋದೇ ಕಷ್ಟ, ಸಿಕ್ಕರೆ ದುಬಾರಿ. ಈ ನಡುವೆ ಅಮೆರಿಕದವರು ಗ್ಯಾರೇಜಿನಲ್ಲಿ ಕೂತು ತೋಟಾ ತುಂಬುವ ವಿಡಿಯೋಗಳನ್ನು ನೋಡಿ ಆಸೆ ಹುಟ್ಟಿದೆ. "ಅವರು ಮಾಡ್ತಾರೆ, ನಮ್ಮಜ್ಜನೂ ಮಾಡ್ತಿದ್ದರು, ನಾನು ಮಾಡಿದರೆ ಏನು ತಪ್ಪು? ಮದ್ದಿನ ಅಳತೆ ಸಮೇತ ಒಂದು ಲೇಖನ ಹಾಕಿ" ಅನ್ನುವುದು ಕೋರಿಕೆ. ಮಗಳಿಗೆ ಶೂಟಿಂಗ್ ಕಡೆ ಮನಸ್ಸಿದೆ, ಏರ್‌ಗನ್ ಕೊಡಿಸಲಾ ಅಂತಲೂ ಕೊನೆಗೆ ಕೇಳಿದ್ದಾರೆ.

ಅಳತೆ ಹಾಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು. ನಿಮ್ಮ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮಲೆನಾಡಿನಲ್ಲಿ ಕೋವಿ ಇರುವ ಮನೆಗಳು ಬೇಕಾದಷ್ಟಿವೆ. ನಿಮ್ಮ ತಲೆಗೆ ಬಂದದ್ದು ಇನ್ನೂ ನಾಲ್ಕು ಜನರ ತಲೆಗೆ ಬಂದಿರುತ್ತದೆ. ಅವರು ಬರೆದು ಕೇಳಲಿಲ್ಲ, ಅಷ್ಟೇ.

ಮೊದಲು ಕಾನೂನು. ನಿಮ್ಮ ಕೈಯಲ್ಲಿರುವ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ ಮತ್ತು ಅದರಲ್ಲಿ ಬರೆದಷ್ಟು ತೋಟಾ ಕೊಂಡು ಇಟ್ಟುಕೊಳ್ಳುವುದಕ್ಕೆ. ತಯಾರಿಸುವುದಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ತಯಾರಿಕೆಗೆ ಬೇರೆಯದೇ ಲೈಸೆನ್ಸ್ ಬೇಕು. ಅದು ಕಾರ್ಖಾನೆ ನಡೆಸುವವರ ಲೈಸೆನ್ಸ್, ಹವ್ಯಾಸಕ್ಕೆ ಕೊಡುವಂಥದ್ದಲ್ಲ. ಇಲ್ಲದೆ ಮಾಡಿದರೆ 25ನೇ ಕಲಮು. ಮೊದಲು ಅದಕ್ಕೆ 3ರಿಂದ 7 ವರ್ಷ ಶಿಕ್ಷೆ ಇತ್ತು. 2019ರ ತಿದ್ದುಪಡಿ ಬಂದ ಮೇಲೆ ಕನಿಷ್ಠವೇ 7 ವರ್ಷ, ಗರಿಷ್ಠ ಜೀವಾವಧಿ. ಹಂದಿ ಓಡಿಸುವುದಕ್ಕೆ ಎರಡು ತೋಟಾ ತುಂಬಿಕೊಂಡೆ ಸ್ವಾಮಿ ಅಂದರೆ ಕೋರ್ಟು ಕನಿಕರ ಪಡಬಹುದು, ಆದರೆ ಆ ಕನಿಷ್ಠ ಅಲ್ಲೇ ಕೂತಿರುತ್ತದೆ.

ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಅನ್ನಿಸಬಹುದು. ಆ ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡು ಅಂದರೆ ಏನೇನು ಅಂತ ಪಟ್ಟಿ ಇದೆ. ತುಂಬಿದ ತೋಟಾ ಮಾತ್ರ ಅಲ್ಲ, ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಆ ಪಟ್ಟಿಯಲ್ಲಿವೆ. ಅಂದರೆ ಅಜ್ಜನ ಹಿತ್ತಾಳೆ ಯಂತ್ರವೂ ಬಂತು. ಬಳಸುವ ಉದ್ದೇಶವೇ ಇಲ್ಲದ ಸಣ್ಣಪುಟ್ಟ ಭಾಗಗಳಿಗೆ 45ನೇ ಕಲಮಿನಲ್ಲಿ ರಿಯಾಯಿತಿ ಉಂಟು. ಬಳಸುತ್ತೇನೆ ಅಂತ ನೀವೇ ನನಗೆ ಬರೆದಿದ್ದೀರಲ್ಲ! ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಹಾಕದೆ ಸಾರಾಂಶ ಕೊಟ್ಟಿರುವುದು ಇದಕ್ಕೇ.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ನಮಗೇನು ಈ ಕಾಟ ಅಂತ ಪತ್ರದ ಮಧ್ಯೆ ಒಂದು ಸಾಲು ಗೊಣಗಿದ್ದೀರಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನವರು) ಆ ವಿನಾಯಿತಿ ಇರುವುದು ನಿಜ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ಮಾತು. ಮನೆಯಲ್ಲಿ ತೋಟಾ ಮಾಡುವುದಕ್ಕೆ ಅಲ್ಲಿಯೂ ಅವಕಾಶ ಕೊಟ್ಟಿಲ್ಲ.

ಹಾಗಾದರೆ ಅಮೆರಿಕದವರು? ಅವರ ಕಥೆಯೇ ಬೇರೆ. ಅಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ, ಮಾರುವುದಾದರೆ ಮಾತ್ರ ಬೇಕು. 19ನೇ ಶತಮಾನದ ಕೊನೆಗೇ ಇಕ್ಕಳದ ಹಾಗೆ ಕೈಯಲ್ಲಿ ಹಿಡಿದು ತುಂಬುವ ಸಾಧನಗಳು ಅಲ್ಲಿ ಮಾರಾಟಕ್ಕಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ, ಅದಾದ ಮೇಲೆ, ಆರ್‌ಸಿಬಿಎಸ್, ಹಾರ್ನಡಿ, ಲೀ ಮುಂತಾದ ಕಂಪನಿಗಳು ಹುಟ್ಟಿಕೊಂಡು ಅದು ದೊಡ್ಡ ಉದ್ಯಮವೇ ಆಯಿತು. ತೋಟಾದಲ್ಲಿ ಇರುವುದು ಕೇಸು, ಮದ್ದಿಗೆ ಕಿಡಿ ಕೊಡುವ ಕೇಪು, ಮದ್ದು, ಗುಂಡು. ಹೊಡೆದ ಮೇಲೆ ಉಳಿಯುವುದು ಕೇಸು ಮಾತ್ರ. ರೈಫಲ್ ತೋಟಾದಲ್ಲಿ ದುಬಾರಿ ಭಾಗವೂ ಆ ಹಿತ್ತಾಳೆ ಕೇಸೇ. ಅದನ್ನು ಮತ್ತೆ ಮತ್ತೆ ಬಳಸಿದರೆ ಖರ್ಚು ಇಳಿಯುತ್ತದೆ ಅನ್ನುವುದು ಲೆಕ್ಕ. ಅಲ್ಲಿಯವರೇ ತಮಾಷೆ ಮಾಡುವುದುಂಟು: ಉಳಿಯುವುದು ಏನೂ ಇಲ್ಲ, ಅದೇ ದುಡ್ಡಿಗೆ ಜಾಸ್ತಿ ಹೊಡೀತೀವಿ ಅಷ್ಟೇ ಅಂತ.

ನಿಜವಾದ ಹುಚ್ಚು ಇರುವುದು ನಿಖರತೆಯಲ್ಲಿ. ಒಂದೊಂದು ನಳಿಗೆಗೂ ಒಂದೊಂದು ತುಂಬುವಿಕೆ ಒಗ್ಗುತ್ತದೆ. ಅದನ್ನು ಹುಡುಕುತ್ತಾ ವರ್ಷಗಟ್ಟಲೆ ಕೂರುವವರಿದ್ದಾರೆ. ಅವರು ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಒಂದು ಪೌಂಡಿಗೆ 7000 ಗ್ರೇನ್. ಅದರ ಹತ್ತನೇ ಒಂದು ಭಾಗವನ್ನೂ ಬಿಡದೆ ತೂಗುತ್ತಾರೆ, ನಮ್ಮ ಚಿನ್ನದ ಅಂಗಡಿಯವರು ಗುಲಗಂಜಿ ತೂಗಿದ ಹಾಗೆ. ಪಕ್ಕದಲ್ಲಿ ಮದ್ದು ತಯಾರಕರೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅಚ್ಚು ಹಾಕಿದ ಕೈಪಿಡಿ ಇರುತ್ತದೆ. ಯಾವ ಕೇಸಿಗೆ ಯಾವ ಕೇಪು, ಯಾವ ಮದ್ದು, ಎಷ್ಟರ ಮೇಲೆ ಹೋಗಬಾರದು, ಎಲ್ಲ ಅದರಲ್ಲಿರುತ್ತದೆ. ಬೇಕಾದ ಸಾಮಾನು ಊರಿನ ಅಂಗಡಿಯಲ್ಲೇ, ಅದೇ ಹೆಸರು ನಂಬರಿನಲ್ಲಿ ಸಿಗುತ್ತದೆ. ವಿಡಿಯೋದಲ್ಲಿ ನಿಮಗೆ ಕಂಡದ್ದು ಯಂತ್ರದ ಸನ್ನೆಗೋಲು ಎಳೆಯುವ ಕೈ. ಅದರ ಹಿಂದೆ ಇರುವ ಕಾರ್ಖಾನೆ, ಕೈಪಿಡಿ, ಅಂಗಡಿ, ಕಾನೂನು ಕಾಣಲಿಲ್ಲ. ಮೂಡಿಗೆರೆಯಲ್ಲಿ ನಿಮ್ಮ ಕೈಗೆ ಸಿಗುವುದು ಆ ಸನ್ನೆಗೋಲು ಮಾತ್ರ.

ಇಲ್ಲಿ ಕೇಪೂ ಸಿಗುವುದಿಲ್ಲ, ಆ ಮದ್ದೂ ಸಿಗುವುದಿಲ್ಲ. ಆಗ ಜನ ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಪಟಾಕಿ ಮದ್ದಿಗೆ ಕೈ ಹಾಕುತ್ತಾರೆ. ಕೋವಿಯ ಮದ್ದು ಸಿಡಿಯುವುದಿಲ್ಲ, ಉರಿಯುತ್ತದೆ. ಎಷ್ಟು ಬೇಗ ಉರಿಯಬೇಕು ಅಂತ ಲೆಕ್ಕ ಹಾಕಿಯೇ ಅದರ ಕಾಳಿನ ಗಾತ್ರ, ಆಕಾರ ಮಾಡಿರುತ್ತಾರೆ. ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಆದ್ದರಿಂದ ಮದ್ದು ಸ್ವಲ್ಪ ಹೆಚ್ಚಾದರೆ ಒತ್ತಡವೂ ಸ್ವಲ್ಪವೇ ಹೆಚ್ಚುತ್ತದೆ ಅಂದುಕೊಳ್ಳಬೇಡಿ, ಒಮ್ಮೆಗೇ ಮೇಲಕ್ಕೆ ಹಾರುತ್ತದೆ. ಪಟಾಕಿ ಮದ್ದಿಗೆ ಈ ಕಟ್ಟುಪಾಡೇ ಇಲ್ಲ. ಉಜ್ಜಿದರೂ ಹೊತ್ತಿಕೊಳ್ಳುವ ಜಾತಿ ಅದರಲ್ಲಿದೆ. ನಳಿಗೆ ಒಡೆಯುವುದು ಬಾಯಿಯ ಕಡೆ ಅಲ್ಲ, ಎಡಗೈ ಹಿಡಿದಿರುವ ಕಡೆ, ಕೆನ್ನೆ ಒತ್ತಿರುವ ಕಡೆ.

ಅಜ್ಜ ಮಾಡುತ್ತಿದ್ದರು ಅನ್ನುವುದನ್ನು ನಾನು ನಂಬುತ್ತೇನೆ. ನೀವು ವರ್ಣಿಸಿರುವ ಯಂತ್ರ ಹಳೇ ಎಸ್ಟೇಟು ಮನೆಗಳಲ್ಲಿ ಇರುತ್ತಿದ್ದಂಥದ್ದೇ. ಒಂದು ಕಡೆ ಚಿಕ್ಕ ಹಿಡಿ, ತಿರುಗಿಸಿದರೆ ಕಾಗದದ ಕೇಸಿನ ಬಾಯಂಚು ಒಳಕ್ಕೆ ಮಡಚಿಕೊಂಡು, ಚರೆಯ ಮೇಲಿನ ರಟ್ಟಿನ ಬಿಲ್ಲೆಯನ್ನು ಅಮುಕಿ ಹಿಡಿಯುತ್ತದೆ. ನೋಡೋಕೆ ಚೆಂದ. ಆದರೆ ಅಂಥ ಯಂತ್ರಗಳು ರೂಢಿಗೆ ಬಂದದ್ದು ಹೊಗೆ ಕಾರುವ ಹಳೇ ಕರಿಮದ್ದಿನ ಕಾಲದಲ್ಲಿ. ಹೊಗೆಯಿಲ್ಲದ ಮದ್ದು ಫ್ರಾನ್ಸಿನಲ್ಲಿ ಮೊದಲು ತಯಾರಾದದ್ದು 1884ರಲ್ಲಿ. ಕರಿಮದ್ದನ್ನು ಅಳತೆ ಬಟ್ಟಲಿನಲ್ಲಿ ಗಾತ್ರ ನೋಡಿ ಸುರಿಯುತ್ತಿದ್ದರು. ಅದೇ ಬಟ್ಟಲಿನ ತುಂಬ ಅದಕ್ಕಿಂತ ಎಷ್ಟೋ ಜೋರಾದ ಹೊಗೆಯಿಲ್ಲದ ಮದ್ದು ಸುರಿದರೆ ಕೋವಿ ಉಳಿಯುವುದಿಲ್ಲ. ನಿಮ್ಮ ಪೆಟ್ಟಿಗೆಯ ಅಳತೆ ಯಾವ ಮದ್ದಿಗೆ ಮಾಡಿದ್ದು ಅಂತ ಹೇಳುವವರು ಈಗ ಯಾರೂ ಇಲ್ಲ, ಅಲ್ವಾ?

ಈ ಮಾತು ಬಂತು ಅಂತ ಕೋವಿಯ ಬಗ್ಗೆಯೂ ಒಂದು ಹೇಳಿಬಿಡುತ್ತೇನೆ. ಇದು ನೀವು ಕೇಳಿದ್ದಕ್ಕಿಂತ ಮುಖ್ಯ. ಅಜ್ಜನ ಜೋಡುನಳಿಗೆ ಇಂಗ್ಲೆಂಡಿನದು ಅಂತ ಬರೆದಿದ್ದೀರಿ. ಮುಂದಿನ ಮರದ ಹಿಡಿ ಕಳಚಿ, ನಳಿಗೆ ಬೇರೆ ಮಾಡಿ, ಬುಡದ ಚಪ್ಪಟೆ ಭಾಗವನ್ನು ಬೆಳಕಿಗೆ ಹಿಡಿಯಿರಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆಗಳು ಕಾಣುತ್ತವೆ. 'ನೈಟ್ರೋ ಪ್ರೂಫ್' ಅಂತಿದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ಅದಿಲ್ಲದೆ, ನಳಿಗೆಯ ಮೈಮೇಲೆ ನೀರಿನ ಅಲೆಯ ಹಾಗೆ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಇರಬಹುದು. ಅಂಥದ್ದರಲ್ಲಿ ಇವತ್ತಿನ ಅಂಗಡಿ ತೋಟಾವನ್ನೂ ಹೊಡೆಯಬೇಡಿ. ಜೊತೆಗೆ, ಹಳೇ ಕೋವಿಗಳಲ್ಲಿ ತೋಟಾ ಕೂರುವ ಗೂಡು ಎಷ್ಟೋ ಸಲ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು, ಈಗ ಸಾಮಾನ್ಯವಾಗಿ ಬರುವುದು 70ರದ್ದು. ಉದ್ದದ್ದು ಒಳಗೆ ಹೋಗಿ ಕೂರುತ್ತದೆ, ಏನೂ ತೊಂದರೆ ಕಾಣುವುದಿಲ್ಲ. ಆದರೆ ಹೊಡೆದಾಗ ತೋಟಾದ ಮಡಚಿದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಮ್ಮೆ ಅಳೆಸಿ.

ಈಗ ಪೆಟ್ಟಿಗೆಯಲ್ಲಿರುವ ಹಳೇ ತೋಟಾ. ಅವನ್ನು ಹೊಡೆಯಬೇಡಿ, ಬಿಚ್ಚಬೇಡಿ, ಬೆಂಕಿಗೆ ಹಾಕಬೇಡಿ, ಕೆರೆಗೆ ಎಸೆಯಬೇಡಿ, ಹೂಳಬೇಡಿ. ನಮ್ಮ ಮಳೆಗಾಲಗಳನ್ನು ಕಂಡ ಕಾಗದದ ತೋಟಾ ಹೇಗಿರುತ್ತದೆ ಅಂತ ನಿಮ್ಮ ಪತ್ರದಲ್ಲೇ ಇದೆ: ಮೈ ಉಬ್ಬಿದೆ, ಹಿತ್ತಾಳೆ ಬುಡ ಹಸಿರುಗಟ್ಟಿದೆ. ಅಂಥದ್ದು ಠುಸ್ ಅನ್ನಬಹುದು, ಅಥವಾ ಕುದುರೆ (ಟ್ರಿಗರ್) ಎಳೆದು ಒಂದು ಕ್ಷಣ ಬಿಟ್ಟು, ನೀವು ಕೋವಿ ಮಡಚಿ ತೆರೆದು ನೋಡುವ ಹೊತ್ತಿಗೆ ಹೊಡೆದುಕೊಳ್ಳಬಹುದು. ಅರ್ಧ ಸುಟ್ಟು, ಮದ್ದಿಗೂ ಚರೆಗೂ ನಡುವಿನ ಬೆಣೆ ನಳಿಗೆಯಲ್ಲೇ ಕಚ್ಚಿಕೊಂಡರೆ ಎರಡನೇ ಈಡಿಗೆ ನಳಿಗೆ ಸೀಳುತ್ತದೆ. ಅವು ನಿಮ್ಮ ಲೈಸೆನ್ಸಿನಲ್ಲಿ ಕೊಂಡದ್ದೂ ಅಲ್ಲ. ಇದ್ದಲ್ಲೇ ಬಿಟ್ಟು, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ, ಪರಿಚಯದ ವಕೀಲರಿಗೆ ಒಂದು ಮಾತು ಹೇಳಿ, ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ. ಇಟ್ಟುಕೊಳ್ಳುವ ಹಕ್ಕಿಲ್ಲದ ಮದ್ದುಗುಂಡನ್ನು ತಡಮಾಡದೆ ಒಪ್ಪಿಸಬೇಕು ಅಂತ 21ನೇ ಕಲಮು ಹೇಳುತ್ತದೆ. ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಬೇಡಿ. ಹೇಗೆ ತರಬೇಕು ಅಂತ ಅವರೇ ಹೇಳಲಿ. ಒಪ್ಪಿಸಿದ್ದಕ್ಕೆ ರಸೀದಿ ತಗೊಳ್ಳಿ. ಯಂತ್ರದ ವಿಷಯವನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ತೋಟಾ ಸಿಗುವುದಿಲ್ಲ ಅನ್ನುವ ದೂರು ಮಾತ್ರ ನೂರಕ್ಕೆ ನೂರು ಸರಿ. ನಮ್ಮಲ್ಲಿ ಬಹಳ ಕಾಲದಿಂದ ಬರುವ 12 ಬೋರಿನ ತೋಟಾ ಪುಣೆ ಹತ್ತಿರದ ಖಡ್ಕಿಯ ಸರ್ಕಾರಿ ಕಾರ್ಖಾನೆಯದು, 1869ರಲ್ಲಿ ಶುರುವಾದದ್ದು. ಅಲ್ಲಿಂದ ಡೀಲರಿಗೆ, ಡೀಲರಿಂದ ನಿಮಗೆ ಬರುವಷ್ಟರಲ್ಲಿ ಫಸಲು ಹಂದಿಯ ಪಾಲು. ಕೊಂಡದ್ದೆಲ್ಲ ಲೈಸೆನ್ಸಿನಲ್ಲಿ ನಮೂದಾಗಬೇಕು. ಖಾಲಿ ಕೇಸು ತೋರಿಸಿ ಅನ್ನುವವರೂ ಇದ್ದಾರೆ. ಚುನಾವಣೆ ಬಂತು ಅಂದರೆ ಕೋವಿಯನ್ನೇ ಠಾಣೆಗೆ ಇಟ್ಟು ಬರಬೇಕು, ಆಗ ಹಂದಿ, ಮಂಗಗಳಿಗೆ ನೀತಿಸಂಹಿತೆ ಅನ್ವಯ ಆಗುವುದಿಲ್ಲ. ಬೆಳೆಗಾರರ ಸಂಘಗಳು ಕೂಗು ಹಾಕಬೇಕಾದದ್ದು ಇಲ್ಲಿ: ಬೆಳೆ ರಕ್ಷಣೆಯ ಲೈಸೆನ್ಸಿಗೆ ತಕ್ಕಷ್ಟು ತೋಟಾ ಹೊತ್ತಿಗೆ ಸರಿಯಾಗಿ ಜಿಲ್ಲೆಯಲ್ಲೇ ಸಿಗಲಿ ಅಂತ. ಮನೆಯಲ್ಲಿ ತುಂಬಿಕೊಳ್ಳಲು ಬಿಡಿ ಅನ್ನುವ ಬೇಡಿಕೆಗೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಲೈಸೆನ್ಸ್ ಪದ್ಧತಿ ನಿಂತಿರುವುದೇ ತೋಟಾದ ಎಣಿಕೆಯ ಮೇಲೆ. ಒಂದು ಖಾಲಿ ಕೇಸು ಮತ್ತೆ ತುಂಬಿತು ಅಂದರೆ ಆ ಎಣಿಕೆಗೆ ಅರ್ಥ ಇಲ್ಲ. ಕಾಡಿನಂಚಿನಲ್ಲಿ ಲೆಕ್ಕಕ್ಕೆ ಸಿಗದ ತೋಟಾ ಯಾರ ಕೈ ಸೇರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಮಗಳ ವಿಷಯಕ್ಕೆ ಬರುತ್ತೇನೆ, ಇಡೀ ಪತ್ರದಲ್ಲಿ ನನಗೆ ಖುಷಿ ಕೊಟ್ಟ ಭಾಗ ಅದು. ಖಂಡಿತ ಕೊಡಿಸಿ. ನಿಮಗೆ ಬೇಕಾಗಿರುವ ಆ ನಿಖರತೆಯ ಹುಚ್ಚಿಗೂ ಅಲ್ಲಿ ಬೇಕಾದಷ್ಟು ಕೆಲಸ ಇದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ನಮ್ಮ ಬೆಂಗಳೂರಿನ ಪಿ. ಎನ್. ಪ್ರಕಾಶ್ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಅದರಲ್ಲೇ. ಅಲ್ಲಿ ಮದ್ದೇ ಇಲ್ಲ, ಗಾಳಿಯ ಒತ್ತಡ ಮತ್ತು 4.5 ಮಿಲಿಮೀಟರಿನ ಸೀಸದ ಪೆಲೆಟ್. ಸ್ಪರ್ಧೆಯವರು ಪೆಲೆಟ್ಟನ್ನೂ ಡಬ್ಬಿ ಡಬ್ಬಿ ಪರೀಕ್ಷಿಸಿ, ತಮ್ಮ ನಳಿಗೆಗೆ ಒಗ್ಗುವುದನ್ನು ಆರಿಸುತ್ತಾರೆ. ಸೀಸ ಮುಟ್ಟಿದ ಕೈ ತೊಳೆಯದೆ ತಿಂಡಿಗೆ ಕೈ ಹಾಕಬಾರದು, ಇದನ್ನು ಮಗಳಿಗೆ ಮೊದಲ ದಿನವೇ ಕಲಿಸಿ.

2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆಯ ಒಳ ಅಳತೆ 4.5 ಮಿಲಿಮೀಟರಿಗಿಂತ ದೊಡ್ಡದಲ್ಲದ, 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಕೊಳ್ಳುವಾಗ ಗುರುತಿನ ಚೀಟಿ ಕೊಡಿ, ಬಿಲ್ಲು ಜೋಪಾನ ಮಾಡಿ. ಕ್ರಮವಾಗಿ ಕಲಿಯುವುದಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ. ಮನೆಯಲ್ಲಿ ಅಭ್ಯಾಸಕ್ಕೆ 10 ಮೀಟರ್ ಉದ್ದದ ಜಾಗ ಬೇಕು. ನಿಮ್ಮ ಕಾಫಿ ಗೋಡೌನು ಸುಗ್ಗಿ ಮುಗಿದ ಮೇಲೆ ಖಾಲಿಯೇ ಇರುತ್ತದಲ್ಲ. ಗುರಿಯ ಹಿಂದೆ ಪೆಲೆಟ್ ಸಿಡಿದು ವಾಪಸ್ ಬರದಂಥ ತಡೆ ಇರಲಿ, ಆ ಕಡೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಏರ್‌ಗನ್ನಿನಲ್ಲಿ ಮಂಗನಿಗೆ ಹೊಡೆದರೆ ಸಾಯೋಲ್ಲ ಅಲ್ವಾ, ಓಡಿಸಬಹುದಾ ಅಂತ ಕಂಸದಲ್ಲಿ ಕೇಳಿದ್ದೀರಿ. ಬೇಡ. ಪೆಲೆಟ್ ಒಳಗೆ ಉಳಿದು ಕೀವಾಗಿ ಆ ಪ್ರಾಣಿ ನರಳುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಗಾಯ ಮಾಡುವುದೂ ಸೇರುತ್ತದೆ.

— ಸಂ.